ಹನ್ನೆರಡು ಮೊಳದ ಹಗ್ಗ

ಕುಡಿಯುವುದು ಬಿಟ್ಟ ಮೂರನೆಯ ದಿನ ಬೆಳಗ್ಗೆ ನನ್ನ ಹಿಮ್ಮಡಿ ನೆಲ ಬಿಟ್ಟಿತು. ಬಚ್ಚಲಲ್ಲಿ ಮುಖ ತೊಳೆದು ಒಳಗೆ ಬರುತ್ತಿದ್ದೆ. ಎತ್ತಿದ ಕಾಲು ಇಳಿಯುವುದಕ್ಕೆ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಿತು. ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದೆ. ಬೆರಳ ತುದಿಯಷ್ಟೇ ನೆಲದ ಮೇಲಿತ್ತು. ಹಿಮ್ಮಡಿಯ ಕೆಳಗೆ ಒಂದು ಸಾಲು ಇರುವೆ ಅವಸರವಿಲ್ಲದೆ ಹಾದುಹೋಗುತ್ತಿತ್ತು.

ನಮ್ಮೂರಲ್ಲಿ ಇದು ಹೊಸದೇನಲ್ಲ. ಕುಡಿತ ಬಿಟ್ಟವನು ಏಳುತ್ತಾನೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಶುರುವಾದರೆ ಇಪ್ಪತ್ತೇಳು ನಕ್ಷತ್ರ ಒಂದು ಸುತ್ತು ಮುಗಿಯುವ ತನಕ ಮೈ ನೆಲವನ್ನು ಒಲ್ಲೆ ಅನ್ನುತ್ತದೆ. ಬೆಳಗಿನ ಹೊತ್ತು ಬೆರಳುದ್ದ, ಮಧ್ಯಾಹ್ನ ಮೊಳದುದ್ದ, ಸಂಜೆ ಹೆಂಡದ ಹೊತ್ತಿಗೆ ಸೊಂಟಕ್ಕೆ ಕಟ್ಟಿದ ಹಗ್ಗ ಎಷ್ಟು ಬಿಟ್ಟರೆ ಅಷ್ಟು. ಆ ದಿನಗಳನ್ನು ಕಳೆದರೆ ಭಾರ ತಾನಾಗಿ ಮೈಗೆ ಮರಳುತ್ತದೆ. ನಡುವೆ ತಡೆಯಲಾರದೆ ಒಂದು ಗುಟುಕು ಕುಡಿದನೋ, ಎಲ್ಲಿದ್ದರೂ ಒಣಗಿದ ಎಲೆಯ ಹಾಗೆ ಮೆಲ್ಲಗೆ ಕೆಳಗೆ ಬರುತ್ತಾನೆ. ಹಾಗೆ ಬಂದವನನ್ನು ‘ನೆಲ ಹಿಡಿದ’ ಅನ್ನುತ್ತಾರೆ. ನಾನು ಅದುವರೆಗೆ ಮೂರು ಸಲ ಎದ್ದು, ಮೂರು ಸಲವೂ ನೆಲ ಹಿಡಿದವನು.

ನನ್ನ ಹೆಂಡತಿ ಪುಟ್ಟನಿಂಗಿ ಒಲೆಯ ಮುಂದೆ ಕೂತಿದ್ದಳು. ಅವಳು ಮೊದಲು ನೋಡಿದ್ದು ಮುಖವನ್ನಲ್ಲ, ಹಿಮ್ಮಡಿಯನ್ನು. “ಎದ್ದಾ?” ಎಂದಳು. ಹೂಂ ಎಂದೆ. ಖಾರ ಅರೆಯುವ ಗುಂಡುಕಲ್ಲನ್ನು ಕಾಲಿನಿಂದ ನನ್ನ ಕಡೆಗೆ ಉರುಳಿಸಿ ಮತ್ತೆ ಒಲೆ ಊದತೊಡಗಿದಳು. ಹಿಂದಿನ ಮೂರು ಸಲವೂ ಆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ನಾನು ಮನೆಯೊಳಗೇ ಕೂತು ದಿನ ಎಣಿಸಿದ್ದೆ. ಅದು ಅವಳಿಗೂ ಗೊತ್ತು, ಕಲ್ಲಿಗೂ ಗೊತ್ತು.

ನಾನು ಹಗ್ಗ ಹೊಸೆಯುವವನು. ಮನೆಯ ಹಿತ್ತಿಲಿನಿಂದ ಕೆರೆಯ ಏರಿಯವರೆಗೆ ಒಂದು ಪಟ್ಟೆ ಜಾಗವಿದೆ, ಅದಕ್ಕೆ ಹಗ್ಗದ ಹಾದಿ ಅನ್ನುತ್ತೇವೆ. ಹಿತ್ತಿಲ ತುದಿಯಲ್ಲಿ ರಾಟೆ, ರಾಟೆಯ ಪಕ್ಕದಲ್ಲೇ ಎರಡು ಈಚಲು ಮರ. ನೆನೆಸಿ ಬಡಿದ ಕತ್ತಾಳೆ ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ನಾರು ಬಿಡುತ್ತ ಹಿಂದಕ್ಕೆ ನಡೆಯುವುದು ನನ್ನ ಕೆಲಸ. ರಾಟೆ ತಿರುಗಿಸುವುದು ಪುಟ್ಟನಿಂಗಿಯ ಕೆಲಸ. ಹದಿನೆಂಟು ವರ್ಷ ನಾವು ಎದುರುಬದುರು ಮುಖ ಮಾಡಿಕೊಂಡು ದಿನಕ್ಕೆ ನಲವತ್ತು ಸಲ ದೂರವಾಗಿ, ನಲವತ್ತು ಸಲ ಹತ್ತಿರ ಬಂದಿದ್ದೇವೆ. ಕೆಲಸದಲ್ಲಿ ಮಾತು ಬೇಕಾಗುವುದಿಲ್ಲ. ಹುರಿ ಸಡಿಲವಾಯಿತು ಅನ್ನಿಸಿದರೆ ನಾನು ಈ ತುದಿಯಿಂದ ಹಗ್ಗವನ್ನು ಒಮ್ಮೆ ಅಲುಗಿಸುತ್ತೇನೆ, ಆ ತುದಿಯಲ್ಲಿ ಅವಳ ಕೈಗೆ ಗೊತ್ತಾಗುತ್ತದೆ.

ದನದ ಕಣ್ಣಿಯಿಂದ ಹಿಡಿದು ಬಾವಿ ಹಗ್ಗದವರೆಗೆ ಎಲ್ಲಕ್ಕೂ ರಾಟೆ ಒಂದೇ ದಿಕ್ಕಿಗೆ ತಿರುಗುತ್ತದೆ. ಎದ್ದವನ ಹಗ್ಗಕ್ಕೆ ಮಾತ್ರ ರಾಟೆಯನ್ನು ಉಲ್ಟಾ ತಿರುಗಿಸಬೇಕು. ಎದ್ದವನು ಗಾಳಿಯಲ್ಲಿ ಸುಮ್ಮನೆ ನಿಲ್ಲುವುದಿಲ್ಲ. ಬಳ್ಳಿ ಕೋಲನ್ನು ಸುತ್ತುವ ಹಾಗೆ ನಿಧಾನಕ್ಕೆ ಬಲಕ್ಕೆ ಸುತ್ತುತ್ತಿರುತ್ತಾನೆ. ಸಾದಾ ಹಗ್ಗ ಕಟ್ಟಿದರೆ ಅವನು ಸುತ್ತಿದಷ್ಟೂ ಹುರಿ ಬಿಚ್ಚುತ್ತದೆ. ಉಲ್ಟಾ ಹುರಿಯಾದರೆ ಸುತ್ತಿದಷ್ಟೂ ಬಿಗಿಯಾಗುತ್ತದೆ. ಉದ್ದ ಹನ್ನೆರಡು ಮೊಳ, ಒಂದು ಬೆರಳು ಹೆಚ್ಚಿರಬಾರದು. ಹನ್ನೆರಡೇ ಯಾಕೆ ಎಂದು ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ. ಅವನು ಈಚಲು ಮರದ ಕಡೆ ಗದ್ದ ಎತ್ತಿ ತೋರಿಸಿದ್ದ. ಹೆಂಡದ ಮಡಕೆ ಕಟ್ಟುವುದು ಹದಿನೈದು ಮೊಳದ ಮೇಲೆ. ಸೊಂಟಕ್ಕೆ ಹನ್ನೆರಡು ಮೊಳದ ಹಗ್ಗ ಕಟ್ಟಿಕೊಂಡವನು ಎಷ್ಟು ಕೈ ಚಾಚಿದರೂ ಮಡಕೆಗೆ ಒಂದು ಗೇಣು ಸಾಲದೆ ಉಳಿಯುತ್ತಾನೆ.

ಇನ್ನೊಂದು ಕಟ್ಟಳೆಯೂ ಇದೆ. ಎದ್ದವನ ಹಗ್ಗದ ತುದಿ ಒಬ್ಬರ ಕೈಯಲ್ಲಿರಬೇಕು. ಕಂಬಕ್ಕೆ ಕಟ್ಟಿ ಹೋಗಬಾರದು. ಈ ಸಲ ಬಿಡುತ್ತೇನೆ ಎಂದು ನಾನು ಹೇಳಿದ ದಿನ ಪುಟ್ಟನಿಂಗಿ ರಾಟೆಯ ಮುಂದೆ ಕೂತು, ಉಲ್ಟಾ ತಿರುಗಿಸಿ, ಒಂದು ತಪ್ಪಿಲ್ಲದೆ ಹಗ್ಗ ಮುಗಿಸಿಕೊಟ್ಟಳು. ಅವಳ ಕಡೆಯಿಂದ ಹುರಿ ಸಮವಾಗಿ ಬಂತು. ಆಮೇಲೆ ಕೈ ಒರೆಸಿಕೊಂಡು ಹೇಳಿದಳು: “ಹೊಸಿಯಕ್ಕೆ ಕರೆದೆ, ಬಂದೆ. ಹಿಡಿಯಕ್ಕೆ ಮಾತ್ರ ಕರೀಬ್ಯಾಡ.”

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ದ್ಯಾವೀರ ಅವಳ ತಮ್ಮ. ನಮ್ಮ ಮನೆಯಲ್ಲೇ ಇದ್ದು ನಾರು ಬಡಿಯುತ್ತಿದ್ದ. ಎಡಚ. ನಮ್ಮೂರಲ್ಲಿ ಎಡಗೈಯಲ್ಲಿ ಉಣ್ಣುವ ಮಕ್ಕಳ ಕೈಗೆ ಬೇವಿನೆಣ್ಣೆ ಹಚ್ಚಿ ಬಲಗೈಗೆ ತಿರುಗಿಸುತ್ತಾರೆ. ಅವನ ತಾಯಿಗೆ ಮನಸ್ಸು ಬರಲಿಲ್ಲವಂತೆ, ಹಾಗಾಗಿ ಅವನು ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಿದ್ದ. ಅವನಿಗೆ ಹೆಂಡದ ರುಚಿ ಹತ್ತಿಸಿದವನು ನಾನು. ನಾಲ್ಕು ವರ್ಷದ ಹಿಂದೆ ಅವನು ಯಾರೂ ಹೇಳದೆ ಒಂದು ದಿನ ಬಿಟ್ಟುಬಿಟ್ಟ. ಪುಟ್ಟನಿಂಗಿ ತವರಿಗೆ ಹೋಗಿದ್ದಳು. ದ್ಯಾವೀರನೇ ರಾಟೆಗೆ ಕೂತ, ನಾನು ಹಿಂದಕ್ಕೆ ನಡೆದೆ. ಅವತ್ತು ಯಾವ ದಿಕ್ಕಿಗೆ ತಿರುಗಿಸಲು ಹೇಳಿದೆ ಎನ್ನುವುದು ನನಗೆ ನೆನಪಿಲ್ಲ, ನಾನು ಕುಡಿದಿದ್ದೆ. ಎಂಟನೆಯ ದಿನ ಸಂಜೆ ಹಗ್ಗ ತುಂಡಾಗಿ ಅವನು ಕೆರೆ ದಾಟಿ, ಗುಡ್ಡ ದಾಟಿ ಮೂಡಲ ಕಡೆಗೆ ಹೊರಟುಹೋದ. ಆಮೇಲೆ ಒಬ್ಬ ಬಳೆಗಾರ ಒಂದು ಸುದ್ದಿ ತಂದಿದ್ದ. ಮೂರು ದಿನದ ದಾರಿಯಾಚೆ ಆಲದ ಮರಕ್ಕೆ ಸಿಕ್ಕಿಕೊಂಡಿದ್ದ ಒಬ್ಬನನ್ನು ಇಳಿಸಿದರಂತೆ, ಅವನು ನೀರು ಕುಡಿದು ಎತ್ತಲೋ ಹೋದನಂತೆ. ಅಷ್ಟೇ.

ಕೈಯಲ್ಲೇ ಹಿಡಿದಿದ್ದೆ, ಕಣ್ಣೆದುರೇ ತುಂಡಾಯಿತು ಎಂದು ನಾನು ಪುಟ್ಟನಿಂಗಿಗೆ ಹೇಳಿದೆ, ಊರಿಗೂ ಅದನ್ನೇ ಹೇಳಿದೆ. ನಿಜವಾಗಿ ನಡೆದದ್ದು ಬೇರೆ. ನಾನು ಹಗ್ಗವನ್ನು ರಾಟೆಯ ಕಂಬಕ್ಕೆ ಬಿಗಿದು ಹೆಂಡದಂಗಡಿಗೆ ಹೋಗಿದ್ದೆ. ಬಂದು ನೋಡಿದರೆ ಕಂಬದಲ್ಲಿ ಐದು ಮೊಳ ಹಗ್ಗ ನೇತಾಡುತ್ತಿತ್ತು. ಅದರ ತುದಿ ಸುಣ್ಣ ಬಳಿಯುವ ಕುಂಚದ ಹಾಗೆ ಬಿಚ್ಚಿಕೊಂಡಿತ್ತು. ಯಾರೂ ನೋಡುವ ಮುಂಚೆ ಅದನ್ನು ಒಲೆಗೆ ಹಾಕಿದೆ. ಹಗ್ಗ ಕೆಟ್ಟದ್ದಿರಬೇಕು, ಕುಡಿದ ಕೈಯಲ್ಲಿ ಹೊಸೆದದ್ದು ಎಂದು ಪುಟ್ಟನಿಂಗಿ ತೀರ್ಮಾನಿಸಿದಳು. ನಾನೂ ಹಾಗೇ ಅಂದುಕೊಂಡೆ. ಅಂದುಕೊಂಡು ಇನ್ನಷ್ಟು ಕುಡಿದೆ.

ಈ ಸಲ ನನಗೆ ದಾರಿ ಹೇಳಿಕೊಟ್ಟವಳು ಚನ್ನಾಜಮ್ಮ. ಅವಳು ಗಂಡನ ಹಗ್ಗ ಹಿಡಿದವಳು, ಆಮೇಲೆ ಇಬ್ಬರು ಮಕ್ಕಳ ಹಗ್ಗ ಹಿಡಿದವಳು. ಮೂವರೂ ಇವತ್ತು ನೆಲದ ಮೇಲೆ ನಡೆಯುತ್ತಾರೆ. ಅವಳ ಅಂಗೈಯಲ್ಲಿ ಅಡ್ಡಕ್ಕೆ ಒಂದು ಗೀರು ಉಳಿದಿದೆ, ಅದರಲ್ಲಿ ಗೆಣ್ಣು ಮುಚ್ಚುವಷ್ಟು ಹಳ್ಳ. ಮಡಿಲಲ್ಲಿ ಗುಂಡುಕಲ್ಲು ಇಟ್ಟುಕೊಂಡು ಬೆವರುತ್ತ ಕೂತಿದ್ದ ನನ್ನನ್ನು ನೋಡಿ ಅವಳು ಬಾಗಿಲಲ್ಲೇ ನಿಂತಳು.

“ಮಗ, ಕಲ್ಲಿನ ಜೊತೆ ಕುಸ್ತಿಗೆ ಕೂತ್ರೆ ಕಲ್ಲೇ ಗೆಲ್ಲಾದು. ಸಂಜೆ ಒಂದು ಗಳಿಗೆ ಹೊರಗೆ ಹೋಗಿ ಹಗ್ಗ ಬುಟ್ಟು ಏಳು. ಏಳಬೇಕು ಅಂತ ಬಂದಿರಾದು ಅದು. ಎದ್ದು ಎದ್ದು ಅದಕ್ಕೂ ಸಾಕಾಗಲಿ.”

“ಹಿಡಿಯೋರು ಯಾರಜ್ಜಿ?” ಎಂದೆ.

ಅವಳು ಒಳಗೆ ನಾರು ಬಿಡಿಸುತ್ತಿದ್ದ ಪುಟ್ಟನಿಂಗಿಯ ಬೆನ್ನನ್ನು ನೋಡಿದಳು, ನನ್ನನ್ನು ನೋಡಿದಳು, ಬೆಲ್ಲದ ಒಂದು ಅಚ್ಚು ಕೈಗಿಟ್ಟು ಹೋದಳು.

ನಾಲ್ಕನೆಯ ದಿನ ಸಂಜೆ ಹಗ್ಗವನ್ನು ರಾಟೆಯ ಕಂಬಕ್ಕೆ ನಾನೇ ಕಟ್ಟಿದೆ. ಆ ಕಂಬ, ಆ ಗಂಟು. ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು ಕಲ್ಲನ್ನು ಕೆಳಗಿಟ್ಟೆ. ಕಾಲಿನ ಕೆಳಗೆ ನೆಲ ಇಳಿಯುತ್ತಾ ಹೋಯಿತು.

ಆ ಮೊದಲ ದಿನಗಳ ಸಂಗತಿ ಹೇಳಬೇಕು. ಹಗಲೆಲ್ಲ ಮೈಯ ಮೇಲೆ ಏನೋ ಹರಿದಾಡಿದ ಹಾಗಾಗುತ್ತಿತ್ತು. ಅಂಗಿ ಒದ್ದೆಯಾಗುತ್ತಿತ್ತು, ಒಣಗುತ್ತಿತ್ತು, ಮತ್ತೆ ಒದ್ದೆಯಾಗುತ್ತಿತ್ತು. ಯಾರು ಏನು ಕೇಳಿದರೂ ಸಿಟ್ಟು. ಬೆಲ್ಲ ಎಷ್ಟು ತಿಂದರೂ ಸಾಲದು. ಸಂಜೆ ಅನ್ನುವುದು ಇಷ್ಟು ಉದ್ದವಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಅದನ್ನು ನಾನು ಹೆಂಡದಂಗಡಿಯ ಬೆಂಚಿನ ಮೇಲೆ ಕಳೆದಿದ್ದೆ, ಅಲ್ಲಿ ಸಂಜೆ ಬಂದದ್ದೂ ಹೋದದ್ದೂ ತಿಳಿಯುತ್ತಿರಲಿಲ್ಲ. ಈಗ ನೆರಳು ರಾಟೆಯಿಂದ ಬೇಲಿಗೆ, ಬೇಲಿಯಿಂದ ಏರಿಗೆ ತೆವಳುವುದನ್ನು ಪೂರ್ತಿ ನೋಡಬೇಕಾಗಿತ್ತು. ಆದರೆ ಇದರ ನಡುವೆ ಒಂದು ಕುತೂಹಲವೂ ಹುಟ್ಟಿತ್ತು. ಐದನೆಯ ದಿನ ಮೂಗು ಬಿಚ್ಚಿತು. ನಾನು ಹುಟ್ಟಿದಾಗಿನಿಂದ ಜೊತೆಗಿರುವ ಕತ್ತಾಳೆ ಕೊಳೆತ ವಾಸನೆ ಮೊದಲ ಸಲ ಬಂದ ಹಾಗೆ ಬಂತು. ಇಷ್ಟು ನಾರುತ್ತದೆಯೇ ನಮ್ಮ ಮನೆ ಎಂದು ಪುಟ್ಟನಿಂಗಿಯನ್ನು ಕೇಳಿದೆ. ಹದಿನೆಂಟು ವರ್ಷ ಆಯ್ತಲ್ಲ, ಈಗ ಕೇಳ್ತಿದ್ದೀಯ ಎಂದಳು.

ಎದ್ದವನಿಗೆ ನಮ್ಮೂರಲ್ಲಿ ಕೆಲಸ ತಪ್ಪುವುದಿಲ್ಲ. ಒಬ್ಬರು ನುಗ್ಗೆಕಾಯಿ ಕಿತ್ತುಕೊಡು ಅಂದರು, ಇನ್ನೊಬ್ಬರು ಜೇನುಗೂಡು ಎಷ್ಟು ದೊಡ್ಡದಾಗಿದೆ ನೋಡಿ ಹೇಳು ಅಂದರು. ಹೇಗಿದ್ದೀಯ ಎಂದು ಯಾರೂ ಕೇಳುವುದಿಲ್ಲ, ಅದು ನಮ್ಮವರ ಮರ್ಯಾದೆ. ಪುಟ್ಟನಿಂಗಿ ಮಾತ್ರ ಯಾವ ಕೆಲಸವನ್ನೂ ಹೇಳಲಿಲ್ಲ. ಆರನೆಯ ದಿನ ಮೇಲಿನಿಂದ ನಮ್ಮ ಮನೆಯ ಸೂರು ಕಂಡಿತು. ಒಲೆಯ ಮೇಲ್ಭಾಗದಲ್ಲಿ ಒಂದು ಹೆಂಚು ಒಡೆದಿತ್ತು. ಅದನ್ನು ಬದಲಿಸು ಎಂದು ಅವಳು ಆರು ವರ್ಷದಿಂದ ಹೇಳುತ್ತಿದ್ದಳು, ನಾನು ನಾಳೆ ಅನ್ನುತ್ತಿದ್ದೆ. ಸೂರಿನ ಅಂಚು ಹಿಡಿದು ಮೈಯನ್ನು ಹತ್ತಿರ ಎಳೆದುಕೊಂಡು ಹೊಸ ಹೆಂಚು ಕೂರಿಸಿದೆ. ಮರುದಿನ ಮಧ್ಯಾಹ್ನ ಅವಳು ಅಡಿಗೆಮನೆಯ ನೆಲವನ್ನು ನೋಡುತ್ತ ನಿಂತಿದ್ದಳು.

“ಬಿಸಿಲಿನ ಬಿಲ್ಲೆ ಎಲ್ಲೋಯ್ತು?” ಎಂದಳು.

ಹೆಂಚು ಹಾಕಿದೆ ಎಂದೆ.

“ಅದು ಒಳಕಲ್ಲಿನ ಹತ್ರ ಬಂದಾಗ ನಾನು ಮುದ್ದೆಗೆ ಎಸರಿಡ್ತಿದ್ದೆ. ಈಗ ಹೊತ್ತು ಹೆಂಗೆ ನೋಡಲಿ?”

ಬೈಯುತ್ತಿದ್ದಾಳೋ ಏನೋ ತಿಳಿಯಲಿಲ್ಲ. ಅವತ್ತು ಮುದ್ದೆ ತಡವಾಯಿತು, ಆದರೆ ಎಂದಿಗಿಂತ ದೊಡ್ಡದಿತ್ತು. ಮುದ್ದೆ ಉಂಡರೆ ಎದ್ದವನ ಕಾಲು ಒಂದಿಷ್ಟು ಹೊತ್ತು ನೆಲ ಮುಟ್ಟುತ್ತದೆ ಎಂದು ನಮ್ಮ ಕಡೆ ಒಂದು ನಂಬಿಕೆ.

ಏಳನೆಯ ದಿನ ಸಂಜೆ ಈಚಲು ಮರದಲ್ಲಿ ಈರತಿಮ್ಮ ಸಿಕ್ಕಿದ. ಹೆಂಡ ಇಳಿಸುವವನು, ಅವನ ಸೊಂಟದ ಹಗ್ಗವೂ ನಾನು ಹೊಸೆದದ್ದೇ. ನಾನು ಅವನ ಕಾಲಿನ ಮಟ್ಟಕ್ಕೆ ತೇಲುತ್ತಿದ್ದೆ. ಅಷ್ಟು ವರ್ಷ ಕೆಳಗಿನಿಂದ ಲೋಟ ಚಾಚಿದವನನ್ನು ಆ ಎತ್ತರದಲ್ಲಿ ಕಂಡು ಅವನಿಗೆ ಮುಜುಗರವಾಯಿತು.

“ಅಣ್ಣ, ಒಂದು ತಿಂಗಳ ಮಟ್ಟಿಗೆ ಈ ಮಡಕೆ ಇಳಿಸ್ಬುಡ್ಲಾ?”

“ಬ್ಯಾಡ. ಇಲ್ಲಿ ಇಳಿಸಿದ್ರೆ ಊರ ತುಂಬ ಇಳಿಸ್ತೀಯಾ?”

“ಹಂಗಾರೆ ಆಚೆ ಮಗ್ಗುಲಿಗೆ ತಿರುಗಿಸಿ ಕಟ್ತೀನಿ. ಕಣ್ಣಿಗೆ ಬೀಳದಿದ್ರೆ ಒಸಿ ವಾಸಿ.” ಗಂಟು ಬಿಚ್ಚುತ್ತ ಮತ್ತೆ ಹೇಳಿದ, “ನೋಡಣ್ಣ, ಮ್ಯಾಲಿರಾದು ಚೆಂದಾಗದೆ ಅಂತ ಇಲ್ಲೇ ಉಳ್ಕೊಂಡು ನನ್ನ ಕಸುಬು ಕಿತ್ಕೋಬ್ಯಾಡ.”

ನಾನು ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ, ಪಕ್ಕೆ ನೋಯಿತು.

ದಿನದಿನಕ್ಕೂ ನನಗೆ ಕಾಣುವುದು ಹೆಚ್ಚುತ್ತಿತ್ತು. ಎಂಟನೆಯ ದಿನ ಬೇಲಿಯಾಚೆಯ ಕಣ ಕಂಡಿತು, ಒಂಬತ್ತನೆಯ ದಿನ ಕೆರೆಯ ನೀರಿನ ಒಂದು ಗೆರೆ, ಹತ್ತನೆಯ ದಿನ ಗುಡ್ಡದ ಹಿಂದೆ ಇನ್ನೊಂದು ಗುಡ್ಡದ ನೆತ್ತಿ. ಅಷ್ಟು ದೂರದಿಂದ ಯಾರಾದರೂ ನಡೆದು ಬರುತ್ತಿದ್ದರೆ ಮೊದಲು ನನಗೇ ಕಾಣುತ್ತಿತ್ತು. ಹಗ್ಗ ಸ್ವಲ್ಪ ನೀಳಿದೆ ಅನ್ನಿಸಿತು. ಹೊಸ ಕತ್ತಾಳೆ ಹಗ್ಗ ಮೊದಲ ವಾರ ನೀಳುತ್ತದೆ, ಕೊಳ್ಳಲು ಬಂದವರಿಗೆ ನಾನೇ ಅದನ್ನು ಹೇಳುತ್ತೇನೆ. ಹಗ್ಗದ ಕಸುಬು ಗೊತ್ತಿಲ್ಲದವನಾಗಿದ್ದರೆ ಹೆದರಿ ಒಮ್ಮೆ ಕೆಳಗೆ ನೋಡುತ್ತಿದ್ದೆ. ಗೊತ್ತಿದ್ದದ್ದರಿಂದ ನೋಡಲಿಲ್ಲ.

ಹನ್ನೊಂದನೆಯ ದಿನ ಗಾಳಿಯಿತ್ತು. ಈರತಿಮ್ಮ ಮೊಮ್ಮಗುವಿನ ನಾಮಕರಣಕ್ಕೆಂದು ಮಗಳ ಊರಿಗೆ ಹೋಗಿ ಎರಡು ದಿನವಾಗಿತ್ತು. ಮಡಕೆ ತುಂಬಿ, ನೊರೆ ಉಕ್ಕಿ ಮರದ ಮೈಮೇಲೆ ಇಳಿದಿತ್ತು, ಜೇನುನೊಣ ಮುತ್ತಿದ್ದವು. ಅವನು ಮಡಕೆಯನ್ನು ಆಚೆ ಮಗ್ಗುಲಿಗೆ ಕಟ್ಟಿದ್ದ, ಗಾಳಿ ನನ್ನನ್ನೂ ಆಚೆ ಮಗ್ಗುಲಿಗೆ ತಂದಿತು. ಹುಳಿಯೂ ಸಿಹಿಯೂ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಬಾಯಿ ತುಂಬ ನೀರು ಬಂತು. ಹೆದರಬೇಕಾಗಿಲ್ಲ, ಒಂದು ಗೇಣು ಸಾಲುವುದಿಲ್ಲ ಅಂದುಕೊಂಡೆ. ಅದು ನಿಜವೇ ಎಂದು ನೋಡುವ ಆಸೆಯಾಯಿತು. ಕೈ ಚಾಚಿದೆ. ಬೆರಳಿಗೆ ನೊರೆ ತಣ್ಣಗೆ ತಾಗಿತು.

ಆಗ ಎರಡು ಸಂಗತಿ ಒಟ್ಟಿಗೆ ಗೊತ್ತಾದವು. ಚಾಚಿದ ಕೈ ಎಡಗೈ. “ಉಣ್ಣಾದು ಬಲಗೈ, ಕುಡಿಯಾದು ಎಡಗೈ, ನಿಂದು ಎರಡು ಸಂಸಾರ” ಎಂದು ಪುಟ್ಟನಿಂಗಿ ಹಿಂದೆ ಅಣಕಿಸುತ್ತಿದ್ದಳು. ಬೇವಿನೆಣ್ಣೆಯ ಕಹಿ ನಾಲಿಗೆಗೆ ಬಂತು. ಯಾವ ಕಾಲದ್ದೋ, ಅಮ್ಮನ ಕೈ ನನ್ನ ಎಡಗೈ ಹಿಡಿದು ಎಣ್ಣೆ ಸವರಿದ್ದು. ಹಾಗಾದರೆ ನಾನೂ ಹುಟ್ಟಾ ಎಡಚ. ಎರಡನೆಯದು, ಕೆಳಗಿನಿಂದ ಟಪ್ ಎಂದು ಒಂದು ಸದ್ದು. ಆ ಸದ್ದು ನನ್ನ ಕಸುಬಿನದು. ಮೂರೆಳೆಯ ಹಗ್ಗದಲ್ಲಿ ಒಂದು ಎಳೆ ಹರಿದಿತ್ತು.

ನೋಡಿದೆ. ಹಗ್ಗ ಬಾಚಿದ ಕೂದಲಿನ ಹಾಗೆ ಸಡಿಲವಾಗಿತ್ತು. ಗುಡ್ಡ ನನ್ನ ಎದುರಿನಿಂದ ಮೆಲ್ಲಗೆ ಬಲಗಡೆಗೆ ಜಾರುತ್ತಿತ್ತು, ಎಂದರೆ ನಾನು ಎಡಕ್ಕೆ ಸುತ್ತುತ್ತಿದ್ದೆ. ಎಂಟು ಸಂಜೆಯೂ ಎಡಕ್ಕೇ ಸುತ್ತಿದ್ದೆ. ನೀಳಿದ್ದು ಹೊಸ ನಾರಲ್ಲ, ನಾನೇ ಸುತ್ತಿ ಸುತ್ತಿ ಹುರಿ ಬಿಚ್ಚಿದ್ದು.

“ಪುಟ್ಟನಿಂಗಿ” ಎಂದು ಕೂಗಿದೆ. ಅವಳನ್ನು ಹೆಸರು ಹಿಡಿದು ಕರೆದು ವರ್ಷಗಳಾಗಿದ್ದವು. ಕೈಯಲ್ಲಿ ನಾರಿನ ಸಿಂಬಿ ಹಿಡಿದೇ ಹೊರಗೆ ಬಂದಳು. ತಲೆಯೆತ್ತಿ ನೋಡಿದಳು, ಹಗ್ಗದ ಉದ್ದಕ್ಕೂ ಕಣ್ಣು ಇಳಿಸಿದಳು, ಮತ್ತೆ ನನ್ನನ್ನು ನೋಡಿದಳು. ಹದಿನೆಂಟು ವರ್ಷ ಹುರಿ ನೋಡಿದ ಕಣ್ಣು.

“ನೀನು ಎಡಕ್ಕೆ ಸುತ್ತುತಾ ಇದ್ದೀಯ” ಎಂದಳು.

ಗಾಳಿ ಮತ್ತೊಮ್ಮೆ ಎಳೆಯಿತು. ಉಳಿದ ಎರಡು ಎಳೆ ಕಿರುಗುಟ್ಟಿದವು. ಅವಳ ಕೈಯಿಂದ ಸಿಂಬಿ ಬಿತ್ತು.

“ಮಡಕೆ ಕೈಗೆ ಸಿಗ್ತದಾ?”

“ಸಿಗ್ತದೆ.”

“ಕುಡಿ” ಎಂದಳು. “ಕುಡಿದು ಇಳಿ. ಕುಡುಕನಾದ್ರೂ ಚಿಂತಿಲ್ಲ, ನೆಲದ ಮ್ಯಾಲಿರು.”

ಅವಳು ಹಾಗೆ ಹೇಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಅವಳ ಅಪ್ಪಣೆಯಾಗಿತ್ತು, ಮಡಕೆ ಕೈಯಲ್ಲಿತ್ತು, ಒಂದು ಗುಟುಕಿಗೆ ಮನೆ ಸೇರಬಹುದಾಗಿತ್ತು. ಊರಲ್ಲಿ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಮಡಕೆಯ ಕತ್ತು ಹಿಡಿದೆ. ಹಿಡಿದಾಗ ಒಂದು ವಿಷಯ ಹೊಳೆಯಿತು. ಇದೇ ಮರ. ಇದೇ ಎತ್ತರ. ದ್ಯಾವೀರನೂ ಎಡಚ, ಅವನೂ ಎಡಕ್ಕೇ ಸುತ್ತಿರಬೇಕು, ಅವನ ಹಗ್ಗವೂ ಹೀಗೇ ನೀಳಿರಬೇಕು. ಎಳೆ ಹರಿಯುವ ಸದ್ದು ಅವನಿಗೂ ಕೇಳಿಸಿರಬೇಕು. ಆಗಲೂ ಇಲ್ಲಿ ಒಂದು ಮಡಕೆ ಇತ್ತು. ಅವನ ಕೈಗೂ ಅದು ಸಿಗುತ್ತಿತ್ತು. ಅವನು ಅದನ್ನು ಮುಟ್ಟದೆ ಹೋಗಿದ್ದ.

ನಾನು ಮಡಕೆ ಬಿಟ್ಟು ಈಚಲು ಗರಿಯ ಬುಡ ಹಿಡಿದೆ. ಮುಳ್ಳು ಅಂಗೈಯೊಳಗೆ ಇಳಿಯಿತು.

“ಕಂಬದಿಂದ ಬಿಚ್ಚಿ ಕೊಕ್ಕೆಗೆ ಸಿಕ್ಕಿಸು” ಎಂದೆ. “ಹೊಸೆದ ದಿಕ್ಕಿಗೇ ತಿರುಗಿಸು. ನಾನು ಅಲುಗಾಡಲ್ಲ.”

ಅವಳು ಕಂಬದ ಗಂಟಿಗೆ ಕೈ ಹಾಕಿದಳು. ಗಂಟು ಬಿಚ್ಚಿದ ಮೇಲೆ ಕೊಕ್ಕೆ ಸೇರುವ ತನಕ ಹಗ್ಗ ಅವಳ ಕೈಯಲ್ಲಿ ಮಾತ್ರ ಇತ್ತು. ಅವಳು ಎರಡು ಹೆಜ್ಜೆ ಎಳೆದುಕೊಂಡು ಹೋದದ್ದು, ಹಿಮ್ಮಡಿ ಮಣ್ಣಲ್ಲಿ ಊರಿದ್ದು ಮೇಲಿನಿಂದ ಕಂಡಿತು. ಕೊಕ್ಕೆಗೆ ಸಿಕ್ಕಿಸಿ ರಾಟೆಗೆ ಕೂತಳು. ರಾಟೆ ಗುಂಯ್ ಎಂದಿತು. ತಿರುವು ಹಗ್ಗದೊಳಗೆ ಹತ್ತಿ ಬರುವುದು ಸೊಂಟಕ್ಕೆ ಗೊತ್ತಾಯಿತು. ಮೈ ತಿರುಗಲು ಹೋದಷ್ಟೂ ನಾನು ಗರಿಯನ್ನು ಬಿಗಿಯಾಗಿ ಹಿಡಿದೆ. ಉಳಿದೆರಡು ಎಳೆ ಒಂದನ್ನೊಂದು ಕಚ್ಚಿಕೊಂಡವು, ಹಗ್ಗ ಗಿಡ್ಡವಾಯಿತು, ನನ್ನನ್ನು ಮರದಿಂದ ಕೆಳಕ್ಕೆ ಎಳೆಯಿತು. ಸಾಕು ಅನ್ನಿಸಿದಾಗ ಹಗ್ಗವನ್ನು ಒಮ್ಮೆ ಅಲುಗಿಸಿದೆ. ರಾಟೆ ನಿಂತಿತು.

ಮೊಳ ಮೊಳವಾಗಿ ಎಳೆದು, ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತ, ಅವಳು ನನ್ನನ್ನು ಕೆಳಗೆ ತಂದಳು. ನನ್ನ ಪಾದ ಅವಳ ಸೊಂಟದ ಮಟ್ಟಕ್ಕೆ ಬಂದಾಗ ಸುತ್ತುವುದನ್ನು ನಿಲ್ಲಿಸಿದಳು. ಕಲ್ಲನ್ನು ತರಲಿಲ್ಲ. ನನ್ನ ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ದ್ಯಾವೀರನೂ ಹಿಂಗೇ ಸುತ್ತಿರ್ತಾನೆ” ಎಂದಳು.

“ಹೂಂ.”

“ಹಂಗಾರೆ ಹಗ್ಗ ಸರಿಯಾಗೇ ಹೊಸೆದಿದ್ದೆ ನೀನು. ಉಲ್ಟಾನೇ ಹೊಸೆದಿದ್ದೆ. ಅದಕ್ಕೇ ಬಿಚ್ಕೊಂತು.”

“ಹೂಂ.”

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಾಲ್ಕು ವರ್ಷದಿಂದ ನನ್ನ ಮೇಲಿದ್ದ ಒಂದು ಅನುಮಾನ ಹೋಗಿತ್ತು. ಆದರೆ ಅವಳು ಹಗ್ಗವನ್ನೇ ನೋಡುತ್ತಿದ್ದಳು, ಅವಳ ಲೆಕ್ಕ ಮುಂದೆ ಹೋಗುತ್ತಿತ್ತು.

“ನಾನು ಬಂದು ಒಂದೇ ಸಲಕ್ಕೆ ಕಂಡೆ. ನೀನು ಕೆಳಗೆ ಹಿಡಕೊಂಡು ನಿಂತಿದ್ದೆ ಅಂದೆ. ಅವನು ಎಡಕ್ಕೆ ಸುತ್ತಾದು ನಿಂಗೆ ಕಾಣ್ಲಿಲ್ವಾ?”

ಹಗ್ಗ ಅವಳ ಕೈಯಲ್ಲಿತ್ತು. ಸುಳ್ಳು ಬಾಯಿಗೆ ಬಂತು, ಅದು ಹಳೆಯದು, ದಾರಿ ಬಲ್ಲದ್ದು. ಗಾಳಿಯಿತ್ತು, ಕಣ್ಣಿಗೆ ಧೂಳು ಬಿದ್ದಿತ್ತು ಎಂದರೆ ಮುಗಿಯುತ್ತಿತ್ತು.

“ನಾನು ಇರಲಿಲ್ಲ” ಎಂದೆ. “ಕಂಬಕ್ಕೆ ಕಟ್ಟಿ ಅಂಗಡಿಗೆ ಹೋಗಿದ್ದೆ.”

ಕೆರೆಯ ಕಡೆಯಿಂದ ದನಗಳು ಮನೆಗೆ ಬರುತ್ತಿದ್ದವು. ಅವುಗಳ ಗೊರಸಿನ ಸದ್ದು ಹತ್ತಿರ ಬಂದು, ನಮ್ಮ ಬೇಲಿಯ ಪಕ್ಕ ಹಾದು, ಊರೊಳಗೆ ಹೋಯಿತು. ಅವಳು ಮುಂಗೈಗೆ ಸುತ್ತಿದ್ದ ಹಗ್ಗದ ಒಂದು ಸುತ್ತು ಬಿಚ್ಚಿದಳು. ನಾನು ಅಷ್ಟು ಮೇಲೆ ಹೋದೆ. ಇನ್ನೊಂದು ಸುತ್ತು ಬಿಚ್ಚಿದಳು. ಬೇಡ ಅನ್ನುವ ಹಕ್ಕು ನನಗಿದೆ ಅನ್ನಿಸಲಿಲ್ಲ. ಅವಳು ಮೂಡಲ ಗುಡ್ಡದ ಕಡೆ ನೋಡುತ್ತಿದ್ದಳು. ಅಲ್ಲಿಂದ ಅವಳಿಗೆ ಒಂದೇ ಗುಡ್ಡ ಕಾಣುತ್ತದೆ. ಅದರ ಹಿಂದೆ ಇನ್ನೊಂದಿದೆ ಎಂದು ಹೇಳಬೇಕೆನಿಸಿತು.

ಬಹಳ ಹೊತ್ತಿನ ಮೇಲೆ ಬಿಚ್ಚಿದ ಎರಡು ಸುತ್ತನ್ನೂ ಮತ್ತೆ ಸುತ್ತಿಕೊಂಡಳು. ಮೊದಲಿಗಿಂತ ಬಿಗಿಯಾಗಿ.

“ಬಡಿದ ನಾರು ಎಷ್ಟದೆ?” ಎಂದಳು.

“ಎರಡು ಹಗ್ಗಕ್ಕಾಗ್ತದೆ.”

“ಬೆಳಗ್ಗೆ ಎರಡೂ ಹೊಸಿ. ರಾಟೆ ಸಾದಾ ತಿರುಗಿಸ್ತೀನಿ.”

ಎರಡನೆಯದು ಯಾರಿಗೆ ಎಂದು ನಾನು ಕೇಳಲಿಲ್ಲ.

ಮರುದಿನ ಗುಂಡುಕಲ್ಲನ್ನು ಹೊಟ್ಟೆಗೆ ಕಟ್ಟಿಕೊಂಡು ಹಗ್ಗದ ಹಾದಿಯಲ್ಲಿ ಹಿಂದಕ್ಕೆ ನಡೆದೆ. ಕಾಲಿನ ಬೆರಳು ಮಣ್ಣಿನಲ್ಲಿ ಎರಡು ಗೀಟು ಎಳೆಯುತ್ತ ಬಂತು. ಅಂಗೈಯ ಗಾಯಕ್ಕೆ ಅವಳು ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದಳು, ಸುತ್ತುವಾಗ ಮುಖ ನೋಡಿರಲಿಲ್ಲ, ರಾಟೆಯ ಮುಂದೆಯೂ ನೋಡಲಿಲ್ಲ. ನಾರು ಬಿಡುವುದಕ್ಕೆ ಎಡಗೈಯನ್ನು ಮುಂದೆ ಮಾಡಿ ನೋಡಿದೆ. ಬಲಗೈಗಿಂತ ಸಲೀಸಾಗಿತ್ತು. ಹಾದಿಯ ಕೊನೆಗೆ ಹೋದಾಗ, ಹುರಿ ಸಡಿಲವಾಗದಿದ್ದರೂ, ಹಗ್ಗವನ್ನು ಒಮ್ಮೆ ಅಲುಗಿಸಿದೆ. ಆ ತುದಿಯಲ್ಲಿ ರಾಟೆ ನಿಂತಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮತ್ತೆ ತಿರುಗಿತು.

ಮಿಕ್ಕ ದಿನಗಳಲ್ಲಿ ಸಂಜೆಯ ಹೊತ್ತು ಹಗ್ಗದ ತುದಿ ಅವಳ ಕೈಯಲ್ಲಿರುತ್ತಿತ್ತು. ಅವಳು ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಮೇಲಿನಿಂದ ಕಂಡದ್ದನ್ನು ಹೇಳುತ್ತಿದ್ದೆ, ಯಾರು ಬಂದರು, ಯಾರು ಹೋದರು, ಎರಡನೆಯ ಗುಡ್ಡದ ಕಡೆಯಿಂದ ಯಾರಾದರೂ ಇಳಿದರೇ. ಅವಳು ಹೂಂ ಅನ್ನುತ್ತಿರಲಿಲ್ಲ, ಆದರೆ ನಾನು ನಿಲ್ಲಿಸಿದರೆ ಹಗ್ಗ ಒಮ್ಮೆ ಅಲುಗುತ್ತಿತ್ತು.

ನಾನು ನೆಲದ ಮೇಲೆ ನಡೆಯತೊಡಗಿ ಈಗ ಎರಡು ವರ್ಷ. ನನ್ನ ಹಗ್ಗವನ್ನು ಕೊಟ್ಟಿಗೆಗೆ ಹಾಕಿದೆವು, ಅದಕ್ಕೀಗ ಕರು ಕಟ್ಟುತ್ತೇವೆ. ಇನ್ನೊಂದು ಬಾಗಿಲ ಹಿಂದಿನ ಗೂಟದಲ್ಲಿದೆ. ಮಳೆಗಾಲ ಮುಗಿದ ಮೇಲೆ ಪುಟ್ಟನಿಂಗಿ ಅದನ್ನು ತೆಗೆದು ಬಿಸಿಲಿಗೆ ಹಾಕುತ್ತಾಳೆ. ಸಂಜೆ ತಂದು, ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆಯುತ್ತಾಳೆ. ಹನ್ನೆರಡು ಮೊಳ ಸರಿಯಾಗಿದೆಯೆಂದು ನೋಡಿಕೊಂಡು ಮತ್ತೆ ಗೂಟಕ್ಕೆ ನೇತುಹಾಕುತ್ತಾಳೆ.